ಕೆಳಗಿನ ಬಲ ಮೂಲೆಯ ಕಲೆ

ಜನವರಿ 9

ಅಕ್ಕಾ,

ಫೋನು ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ನಮ್ಮಿಬ್ಬರಿಗೂ ಮೂರನೆಯ ನಿಮಿಷಕ್ಕೆ ಜಗಳ ಶುರುವಾಗುತ್ತದೆ, ನಾಲ್ಕನೆಯ ನಿಮಿಷಕ್ಕೆ ಯಾರಾದರೊಬ್ಬರು ಫೋನು ಕುಕ್ಕಿರುತ್ತೇವೆ. ಈ ಸಲ ನಿನ್ನಿಂದ ನನಗೊಂದು ಕೆಲಸ ಆಗಬೇಕು.

ವಸ್ತುಸಂಗ್ರಹಾಲಯದಲ್ಲಿ ನನ್ನ ಮೇಜಿನ ಮೇಲೆ ಈಗ ಒಂದು ಚಿತ್ರವಿದೆ. ಫ್ರಾನ್ಸಿನ ಕಲಾವಿದನೊಬ್ಬ ಸುಮಾರು ನೂರು ವರ್ಷದ ಹಿಂದೆ ಮಾಡಿದ್ದು. ಕುಂಚದಲ್ಲಿ ಬರೆದದ್ದಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಅಚ್ಚು ಕೆತ್ತಿ, ಕಾಗದದ ಮೇಲೆ ಒಂದಾದ ಮೇಲೊಂದು ಒತ್ತಿದ್ದು. ನೀನು ಬಟ್ಟೆಗೆ ಅಚ್ಚು ಕೆತ್ತುತ್ತೀಯಲ್ಲ, ಅದನ್ನೇ ಅವನು ಕಾಗದಕ್ಕೆ ಮಾಡಿದ್ದಾನೆ. ಅಗಲ ಎರಡು ಗೇಣು. ಸಮುದ್ರದ ಪಕ್ಕದಲ್ಲಿ ಎತ್ತರದ ಬಂಡೆ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಒಬ್ಬಳು ಹೆಂಗಸು. ಒಗೆದ ಬಿಳಿ ಹೊದಿಕೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಯ ಜೊತೆ ಗುದ್ದಾಡುತ್ತಿದ್ದಾಳೆ. ಹೊದಿಕೆಯ ಬಿಳಿಗೆ ಬಣ್ಣವೇ ಇಲ್ಲ, ಬರೀ ಕಾಗದ. ಬೇರೆ ಯಾರೂ ಇಲ್ಲ. ನೋಡಿದರೆ ಪಾಪ ಅನ್ನಿಸುತ್ತದೆ.

ವಿಷಯ ಏನೆಂದರೆ, ಕೆಳಗಿನ ಬಲ ಮೂಲೆಯಲ್ಲಿ ಚಹಾ ಚೆಲ್ಲಿದ ಹಾಗೆ ತೆಳು ಕಂದು ಬಣ್ಣದ ಪಟ್ಟಿಯೊಂದಿದೆ. ಹೋದ ವರ್ಷದ ವರದಿಯಲ್ಲಿ ನಮ್ಮ ಮುಖ್ಯಸ್ಥರು "ನೀರಿನ ಕಲೆ, ತೆಗೆಯತಕ್ಕದ್ದು" ಎಂದು ಬರೆದು ಸಹಿ ಹಾಕಿದ್ದಾರೆ. ನಾವು ಅವರನ್ನು ‘ನೋಡೋಣ ಸಾಹೇಬರು’ ಅನ್ನುತ್ತೇವೆ. ರಜೆ ಕೇಳಿದರೂ ನೋಡೋಣ, ಛಾವಣಿ ಸೋರುತ್ತಿದೆ ಅಂದರೂ ನೋಡೋಣ. ಜೀವಮಾನದಲ್ಲಿ ಅವರು ಖಡಾಖಂಡಿತವಾಗಿ ಹೇಳಿದ್ದು ಇದೊಂದೇ ಮಾತು. ಮಾರ್ಚ್ ಮೂರನೆಯ ವಾರ ಪ್ರದರ್ಶನ.

ಆದರೆ ಆ ಕಲೆಯೊಳಗೆ ಸಣ್ಣ ಸಣ್ಣ ಗೆರೆಗಳು ಕಂಡ ಹಾಗಾಗುತ್ತಿದೆ, ಮರದ ನಾರಿನ ಹಾಗೆ. ಫೋಟೋ ಇಟ್ಟಿದ್ದೇನೆ. ನೋಡಿ ಒಂದೇ ಸಾಲು ಬರೆ: ಕಲೆಯೋ, ಬಣ್ಣವೋ? ಕಲೆ ಅಂತಲೇ ನನಗನ್ನಿಸುತ್ತದೆ. ಮರ ಬಲ್ಲವಳ ಬಾಯಿಂದ ಒಮ್ಮೆ ಬಂದರೆ ನಿಶ್ಚಿಂತೆ.

ಭಾವ ಹೇಗಿದ್ದಾರೆ?

ನಿನ್ನ ತಂಗಿ


ಜನವರಿ 18

ತಂಗೀ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ ಇನ್ನೂ ಜಾಸ್ತಿ ಬಂತು. ಒಂದೂವರೆ ವರ್ಷದ ಮೇಲೆ ಕಾಗದ ಬರೆಯುತ್ತೀಯ, ಅದರಲ್ಲಿ ‘ಭಾವ ಹೇಗಿದ್ದಾರೆ’ ಅನ್ನುವುದು ಕೊನೆಯ ಸಾಲು. ಭಾವ ಚೆನ್ನಾಗಿದ್ದಾರೆ. ಅವರ ಲಾರಿಯೂ ಚೆನ್ನಾಗಿದೆ. ನಿನ್ನ ಕಾಗದ ಓದಿಸಿಕೊಂಡು ಬಿದ್ದು ಬಿದ್ದು ನಕ್ಕರು. "ಅವಳಿರೋದೇ ಕಲೆಯ ಅರಮನೇಲಿ. ಕಲೇನೆಲ್ಲಾ ಒರೆಸಿಬಿಟ್ರೆ ಬರೀ ಗೋಡೆ ಉಳಿಯುತ್ತೆ ಅಂತ ಬರಿ" ಅಂದರು. ಬರೆದಿದ್ದೇನೆ.

ಹೆಬ್ಬೆಟ್ಟಿನಷ್ಟು ಫೋಟೋ ಕಳಿಸಿ ಒಂದು ಸಾಲಿನಲ್ಲಿ ಹೇಳು ಅಂತೀಯಲ್ಲ, ನಾನೇನು ಕಣಿ ಹೇಳುವವಳೇನೇ? ಆ ಮೂಲೆ ಫೋಟೋದಲ್ಲಿ ಸಾಸಿವೆ ಕಾಳಿನಷ್ಟಿದೆ. ದೊಡ್ಡದು ಕಳಿಸು. ಕಲೆಯ ಅಂಚನ್ನು ಟ್ರೇಸಿಂಗ್ ಕಾಗದದ ಮೇಲೆ ಎತ್ತಿ ಅದನ್ನೂ ಕಳಿಸು. ಅಷ್ಟರೊಳಗೆ ನೀನು ಕೂತು ಚಿತ್ರವನ್ನು ನೋಡು. ಓದಿದವಳು ನೀನು, ನೋಡುವುದು ಮಾತ್ರ ನಾನು ಹೇಳಿಕೊಡಬೇಕು.

ಗಾಳಿ ಅಂದೆಯಲ್ಲ, ಗಾಳಿ ಹೊಡೆದರೆ ಬಟ್ಟೆಗೆ ಹೊಟ್ಟೆ ಬರುತ್ತದೆ. ನೀನು ಕಳಿಸಿದ ಇಷ್ಟುದ್ದ ಫೋಟೋದಲ್ಲೂ ಆ ಹೊದಿಕೆ ದಾರದ ಹಾಗೆ ನೆಟ್ಟಗೆ ಎಳೆದುಕೊಂಡಿದೆ. ಯಾಕೆ? ಅದರ ಇನ್ನೊಂದು ತುದಿ ಎಲ್ಲಿದೆ? ಅದೂ ಅಲ್ಲದೆ ಅವಳಿಗೆ ನೆರಳಿದೆಯಾ? ಇದ್ದರೆ ಯಾವ ಕಡೆ ಬಿದ್ದಿದೆ? ಇಷ್ಟು ನೋಡಿ ಬರೆ.

ಅಲ್ಲಿಯವರೆಗೆ ಆ ಮೂಲೆಗೆ ಕೈ ಹಚ್ಚಬೇಡ.

ಅಕ್ಷರ ಸೊಟ್ಟಗಿದೆ ಅಂತ ಆಡಿಕೊಳ್ಳಬೇಡ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಅಕ್ಕ


ಜನವರಿ 25

ಅಕ್ಕಾ,

ನಾನು ಕೇಳಿದ್ದು ಒಂದು ಸಾಲು. ನೀನು ಕಳಿಸಿದ್ದು ಪ್ರಶ್ನೆಪತ್ರಿಕೆ. ಆದರೂ ಉತ್ತರ ಬರೆಯುತ್ತಿದ್ದೇನೆ, ಯಾಕೆಂದರೆ ಬೇರೆ ದಾರಿಯಿಲ್ಲ.

ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿದೆ. ಹೊದಿಕೆಯ ಇನ್ನೊಂದು ತುದಿ ಚಿತ್ರದಲ್ಲಿ ಇಲ್ಲ. ಅದು ಕಿರಿದಾಗುತ್ತಾ ಹೋಗಿ ಬಲಗಡೆ ಅಂಚಿನಲ್ಲಿ ಕಾಗದದಿಂದಾಚೆ ಹೋಗಿಬಿಟ್ಟಿದೆ. ಅದರ ಮೇಲೆ ಓರೆಯಾಗಿ ಐದಾರು ಗೆರೆಗಳಿವೆ, ಗಾಳಿಗೆ ಬಿದ್ದ ಮಡಿಕೆಗಳು. ಅವಳಿಗೆ ನೆರಳಿಲ್ಲ. ಬೆನ್ನ ಹಿಂದೆ ಬಂಡೆಯ ಅಂಚಿನ ತನಕ ಕಡುಹಸಿರು ಪೊದೆಯೊಂದಿದೆ, ಅಷ್ಟೇ. ಬಣ್ಣ ಐದು: ಆಕಾಶದ ಬೂದಿ, ಸಮುದ್ರದ ನೀಲಿ, ಹುಲ್ಲಿನ ಹಳದಿ, ಹಸಿರು, ಗೆರೆಗಳ ಕಪ್ಪು. ಐದು ಅಚ್ಚು. ನೆರಳಿನಿಂದ ಕಲೆಗೇನು ಸಂಬಂಧ ಅಂತ ನನಗಂತೂ ಗೊತ್ತಾಗಲಿಲ್ಲ.

ನಿನ್ನೆ ಸಾಹೇಬರು ಮೇಜಿನ ಹತ್ತಿರ ಬಂದಿದ್ದರು. ಚಿತ್ರದ ಮೇಲೆ ನಾನು ಬಿಳಿ ಕಾಗದ ಮುಚ್ಚಿಟ್ಟಿದ್ದೆ.

"ಏನಮ್ಮಾ, ಇನ್ನೂ ಆಗಿಲ್ವಾ?"

"ಸ್ವಲ್ಪ ಅನುಮಾನ ಇದೆ ಸಾರ್. ಬಣ್ಣವೇ ಇರಬಹುದೇನೋ."

"ನಾನು ಕಲೆ ಅಂತ ಬರೆದಿದ್ದೀನಲ್ಲಾ."

"ಇನ್ನೊಬ್ಬರ ಹತ್ತಿರ ಕೇಳಿ ಹೇಳ್ತೀನಿ."

"ಕೇಳಿ, ಕೇಳಿ. ನೋಡೋಣ. ಆದರೆ ಮಾರ್ಚ್ ಹತ್ತಕ್ಕೆ ಚೌಕಟ್ಟು ಹಾಕೋರು ಬರ್ತಾರೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದರು. ನನಗೆ ಬೇಕಾಗಿರುವುದು ‘ಇದು ಕಲೆ’ ಅಂತ ಬಲ್ಲವರ ಕೈಬರಹದ ಒಂದು ಸಾಲು, ಅಕ್ಕಾ. ದೊಡ್ಡ ಫೋಟೋ ಮೂರು ಇಟ್ಟಿದ್ದೇನೆ, ಟ್ರೇಸಿಂಗ್ ಸಹ ಇದೆ. ಮೇಲಿನ ತುದಿ ಸ್ವಲ್ಪ ಅಂದಾಜು. ಅಲ್ಲಿ ತುಂಬಾ ಮಸುಕು. ಬೇಗ ಬರೆ.

ತಂಗಿ


ಫೆಬ್ರವರಿ 4

ತಂಗೀ,

ಆ ಒಂದು ಸಾಲು ನಾನು ಬರೆಯುವುದಿಲ್ಲ, ಯಾಕೆಂದರೆ ಅದು ಸುಳ್ಳಾಗುತ್ತದೆ. ಅದು ಕಲೆಯಲ್ಲ. ಆರನೆಯ ಅಚ್ಚು.

ನಿನ್ನ ಪೊದೆಯನ್ನು ಮತ್ತೆ ನೋಡು. ಎಲೆ ಇದೆಯಾ? ಕೊಂಬೆ ಇದೆಯಾ? ಹುಲ್ಲಿನ ಒಂದೊಂದು ಎಳೆ ಕೆತ್ತಿದ ಆಸಾಮಿ ಪೊದೆಗೆ ಒಂದು ಎಲೆ ಕೆತ್ತದೆ ಬಿಡುತ್ತಾನೇನೇ? ಅದು ಪೊದೆಯಲ್ಲ, ಅವಳ ನೆರಳು. ಹಸಿರಿನ ಮೇಲೆ ಕಂದು ಒತ್ತಿದ್ದಕ್ಕೆ ಕಡುಹಸಿರಾಗಿ ಕಾಣುತ್ತದೆ. ಅದೇ ಕಂದು ಮೂಲೆಯಲ್ಲಿ ಹಳದಿಯ ಮೇಲೆ ಬಿದ್ದು ನಿನಗೆ ಚಹಾದ ಹಾಗೆ ಕಂಡಿದೆ. ನೆರಳು ಅವಳ ಹಿಂದಕ್ಕೆ ಹೋಗಿದೆ ಅಂದರೆ ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದಾನೆ. ಅಂದಮೇಲೆ ಚಿತ್ರದ ಈಚೆ ನಿಂತವರ ನೆರಳು ಚಿತ್ರದೊಳಕ್ಕೆ ಬೀಳಬೇಕು. ಬಿದ್ದಿದೆ.

ಆ ಹೊದಿಕೆಯ ಮೇಲಿನ ಓರೆ ಗೆರೆ ಗಾಳಿಯ ಮಡಿಕೆಯೂ ಅಲ್ಲ. ಹಿಂಡುವಾಗ ಬರುವ ಮುರಿ. ಒದ್ದೆ ಹೊದಿಕೆಯನ್ನು ಒಬ್ಬಳೇ ಹಿಂಡಲಿಕ್ಕೆ ಆಗುವುದಿಲ್ಲ, ಇದು ನನಗೆ ಈಚೆಗೆ ಚೆನ್ನಾಗಿ ಗೊತ್ತು. ಇವಳು ಒಂದು ಕಡೆ ತಿರುಗಿಸಿದರೆ ಆ ಕಡೆಯವರು ಇನ್ನೊಂದು ಕಡೆ ತಿರುಗಿಸಬೇಕು. ನೀನು ಪಾಪ ಅಂದೆಯಲ್ಲ, ಅವಳು ಒಂಟಿ ಅಲ್ಲವೇ ಅಲ್ಲ. ಆ ತುದಿ ಹಿಡಿದವರು ಕಾಗದದ ಹೊರಗೆ ನಿಂತಿದ್ದಾರೆ, ಅವರ ನೆರಳು ಮಾತ್ರ ಒಳಗೆ ಬಂದಿದೆ.

ಅದು ಗಂಡಸಿನದೋ, ಹೆಂಗಸಿನದೋ, ಮುದುಕಿಯದೋ, ಅದನ್ನು ಮಾತ್ರ ಹೇಳಲಾರೆ. ಸೊಂಟದವರೆಗೆ ಸರಿಯಾಗಿದೆ. ಅಲ್ಲಿಂದ ಮೇಲೆ ನಿನ್ನ ಟ್ರೇಸಿಂಗ್ ಗೊಜ್ಜಾಗಿದೆ. ಕಣ್ಣಿಗೆ ತಿಳಿಯದ್ದು ಉಳಿಗೆ ತಿಳಿಯುತ್ತದೆ ಅಂತ ಅಪ್ಪ ಹೇಳುತ್ತಿದ್ದರಲ್ಲ, ಅದಕ್ಕೆ ಒಂದು ಹಲಗೆ ತುಂಡಿನ ಮೇಲೆ ಆ ಆಕಾರ ಕೆತ್ತಿ ನೋಡಿದೆ. ಭುಜದ ಹತ್ತಿರ ಬಂದು ಉಳಿ ನಿಂತುಬಿಟ್ಟಿತು. ಅಚ್ಚನ್ನೂ ಒತ್ತಿದ ಕಾಗದವನ್ನೂ ಪಾರ್ಸೆಲ್ ಮಾಡಿದ್ದೇನೆ. ಚಿತ್ರದ ಪಕ್ಕ ಇಟ್ಟು ನೋಡು. ಭುಜದ ಮೇಲೆ ಅಲ್ಲಿ ಏನಿದೆ, ಇದ್ದದ್ದು ಇದ್ದ ಹಾಗೆ ಬರೆ.

ಅಕ್ಕ


ಫೆಬ್ರವರಿ 11

ಅಕ್ಕಾ,

ಪಾರ್ಸೆಲ್ ಬಂತು. ವಿಭಾಗದ ಎಲ್ಲರೆದುರಿಗೆ ಬಿಚ್ಚಿದೆ. "ನಮ್ಮಕ್ಕ ಅಚ್ಚು ಕೆತ್ತುವುದರಲ್ಲಿ ಅಪ್ಪನನ್ನೇ ಮೀರಿಸಿದವಳು" ಎಂದು ವಾರದಿಂದ ಹೇಳಿಕೊಂಡು ಓಡಾಡಿದ್ದೆ. ಒಳಗಿಂದ ಬಂದದ್ದು ಏನು? ಇಲಿ ಕಡಿದ ಹಾಗಿರುವ ಒಂದು ಹಲಗೆ. ಅಂಚು ಎಲ್ಲ ಹರಕು, ಎರಡು ಕಡೆ ಉಳಿ ಜಾರಿ ಆಳಕ್ಕೆ ಹೋಗಿದೆ. ಪಕ್ಕದ ಮೇಜಿನ ಹುಡುಗಿ ಪಾಪ, "ತುಂಬಾ ಹಳೇ ಅಚ್ಚಾ ಮೇಡಂ?" ಅಂದಳು.

ನನಗೆ ಅರ್ಥವಾಯಿತು. ಇವಳಿಗೆ ಇಷ್ಟು ಸಾಕು ಅಂತ ಎಡಗೈಯಲ್ಲಿ ಕೆತ್ತಿ ಬಿಸಾಕಿದ್ದೀಯ. ಕೆಲಸ ಇಷ್ಟವಿಲ್ಲದಿದ್ದರೆ ಇಲ್ಲ ಅಂದುಬಿಡಬಹುದಿತ್ತು. "ಒಬ್ಬಳು ಓದಲಿ, ಒಬ್ಬಳು ಉಳಿ ಹಿಡೀಲಿ" ಅಂತ ತೀರ್ಮಾನ ಮಾಡಿದ್ದು ಅಪ್ಪ. ನನ್ನನ್ನು ಯಾರೂ ಕೇಳಲಿಲ್ಲ. ಉಳಿ ಮುಟ್ಟಿದರೆ ಕೈ ಮೇಲೆ ಹೊಡೆಯುತ್ತಿದ್ದರು, ಹೋಗಿ ಪಾಠ ಓದು ಅಂತ. ಇಪ್ಪತ್ತು ವರ್ಷದಿಂದ ನೀನು ಮಾತು ಮಾತಿಗೂ ‘ಓದಿದವಳು ನೀನು’ ಅಂತ ಚುಚ್ಚುತ್ತೀಯ. ನಿನಗೆ ನನ್ನ ಮೇಲೆ ಅಸಮಾಧಾನ ಇದ್ದರೆ ನನ್ನ ಮೇಲೆ ತೀರಿಸಿಕೋ. ನೂರು ವರ್ಷದ ಚಿತ್ರದ ಮೇಲೆ ಯಾಕೆ?

ನೆರಳು, ಹಿಂಡುವುದು, ಆರನೆಯ ಅಚ್ಚು ಎಲ್ಲ ಕಥೆ ಚೆನ್ನಾಗಿದೆ. ಆದರೆ ಇಂಥ ಅಚ್ಚು ಕಳಿಸಿದವಳ ಮಾತನ್ನು ಸಾಹೇಬರ ಮುಂದೆ ಹೇಗೆ ಇಡಲಿ?

ಭುಜದ ಮೇಲೆ ಏನೂ ಇಲ್ಲ. ಮಸುಕು. ಆಗಲೇ ಬರೆದಿದ್ದೆನಲ್ಲ.

ತಂಗಿ


ಫೆಬ್ರವರಿ 16

ತಂಗೀ,

ಅಚ್ಚಿನ ಮಾತು ಬಿಡು.

ನಿನ್ನ ಎರಡನೆಯ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ದಿನ ನೋಡಿದ್ದೇನೆ. ಮರದ ಅಚ್ಚಿನಿಂದ ಬಿದ್ದ ಬಣ್ಣಕ್ಕೆ ಕತ್ತಿಯ ಅಂಚು ಇರಬೇಕು. ಆ ನೆರಳಿಗೆ ಎರಡು ಪಕ್ಕದಲ್ಲೂ ಇದೆ. ಅವಳ ಹಿಂದಿನ ನೆರಳಿಗೂ ಇದೆ. ನೂರು ವರ್ಷ ಕಳೆದರೂ ಬ್ಲೇಡಿನಲ್ಲಿ ಕೊಯ್ದ ಹಾಗಿದೆ. ಭುಜದ ಮೇಲೆ ಮಾತ್ರ ಅಂಚಿಲ್ಲ. ಬಣ್ಣ ಅಲ್ಲಿ ನಿಂತಿಲ್ಲ, ಕರಗಿದೆ. ಕರಗಿದ್ದರ ಸುತ್ತ ಹೊಸ ನೀರಿನ ಗೆರೆಯೊಂದಿದೆ, ನೂಲಿನಷ್ಟು ತೆಳ್ಳಗೆ. ಬಟ್ಟೆಗೆ ಕಚ್ಚಾ ಬಣ್ಣ ಹಾಕಿ ನೀರು ಚಿಮುಕಿಸಿದರೆ ಬರುತ್ತದಲ್ಲ, ಹಾಗೆ.

ಅಲ್ಲಿ ತಲೆ ಇತ್ತು. ನೀನು ನನಗೆ ಮೊದಲ ಕಾಗದ ಬರೆಯುವ ಮುಂಚೆಯೇ ನೀರು ಹಚ್ಚಿದ್ದೆ. ಹೌದೋ ಅಲ್ಲವೋ?

ಅಕ್ಕ


ಫೆಬ್ರವರಿ 20

ಅಕ್ಕನವರಿಗೆ,

ಫೋಟೋ ನೋಡಿ ಅಪವಾದ ಹೊರಿಸುವ ವಿದ್ಯೆ ಯಾವಾಗ ಕಲಿತಿರೋ ತಿಳಿಯದು. ನಮ್ಮಲ್ಲಿ ಒಂದು ಹನಿ ನೀರು ಮುಟ್ಟಿಸುವ ಮುಂಚೆಯೂ ಪರೀಕ್ಷೆ ಮಾಡಿ ದಾಖಲೆ ಬರೆದಿಡುತ್ತೇವೆ. ನೀವು ನೋಡಿದ ನೀರಿನ ಗೆರೆ ಫೋಟೋ ತೊಳೆದವನ ಕೈವಾಡ ಇರಬಹುದು. ಈ ವಿಷಯದಲ್ಲಿ ಇನ್ನು ತಮಗೆ ತೊಂದರೆ ಕೊಡುವುದಿಲ್ಲ. ಅಚ್ಚನ್ನು ಬೇರೆಯಾಗಿ ಹಿಂದಿರುಗಿಸುತ್ತೇನೆ.

ಇಂತು


ಮಾರ್ಚ್ 8

ಅಕ್ಕಾ,

ಹದಿನಾರು ದಿನ ಆಯಿತು. ನೀನು ಬೈದು ಬರೆಯುತ್ತೀಯ ಎಂದು ದಿನಾ ಟಪಾಲಿನವನ ದಾರಿ ಕಾದೆ. ನೀನು ಬೈಯದಿದ್ದರೆ ನನಗೆ ತಡೆಯಲಿಕ್ಕಾಗುವುದಿಲ್ಲ.

ಹೌದು.

ಜನವರಿ ಆರನೆಯ ತಾರೀಖು, ಶುಕ್ರವಾರ ಮಧ್ಯಾಹ್ನ. ಐದು ಬಣ್ಣಕ್ಕೂ ಹನಿ ನೀರು ಮುಟ್ಟಿಸಿ ಪರೀಕ್ಷೆ ಮಾಡಿದ್ದೆ, ಒಂದೂ ಬಿಡಲಿಲ್ಲ. ಆರನೆಯದನ್ನು ನಾನು ಬಣ್ಣವೆಂದೇ ಎಣಿಸಿರಲಿಲ್ಲ. ಅದರ ಮೇಲ್ತುದಿಗೆ ಒದ್ದೆ ಹೀರುಕಾಗದ ಇಟ್ಟೆ. ಕಂದು ಬಣ್ಣ ಹೀರುಕಾಗದಕ್ಕೆ ಬಂತು. ಎಷ್ಟು ಸಲೀಸಾಗಿ ಬಂತು ಅಂದರೆ ನನಗೆ ಖುಷಿಯಾಯಿತು, ಅಕ್ಕಾ. ಅದನ್ನು ಬರೆಯಲಿಕ್ಕೇ ನಾಚಿಕೆ. ಎರಡನೆಯದು ಇಟ್ಟೆ, ಇನ್ನಷ್ಟು ಬಂತು. ಮೂರನೆಯದನ್ನು ಎತ್ತಿದಾಗ ಉಳಿದ ಕಂದಿನಲ್ಲಿ ನಾರಿನ ಗೆರೆ ಕಂಡಿತು. ಮೇಲೆ ಬಿಳಿ ಕಾಗದ ಮುಚ್ಚಿ ಮನೆಗೆ ಹೋದೆ. ಮೂರು ದಿನ ಬಿಟ್ಟು ನಿನಗೆ ಬರೆದೆ. ಕಲೆ ಅಂತ ನೀನು ಒಂದು ಸಾಲು ಬರೆದಿದ್ದರೆ ಅದನ್ನು ಕಡತದಲ್ಲಿ ಇಟ್ಟು ನಿದ್ದೆ ಮಾಡುತ್ತಿದ್ದೆ. ನಿನ್ನ ಹೆಸರಿನ ಹಿಂದೆ ಅಡಗಿಕೊಳ್ಳಲಿಕ್ಕೆ ನೋಡಿದೆ.

ನಿನ್ನ ಹದಿನಾರನೆಯ ತಾರೀಖಿನ ಕಾಗದ ಬಂದ ಮೇಲೆ, ಸುಳ್ಳು ಬರೆದು ಅಂಚೆ ಡಬ್ಬಕ್ಕೆ ಹಾಕಿ ಬಂದ ಮೇಲೂ, ಕೂತು ಮತ್ತೆ ನೋಡಿದೆ. ನೀನು ಹೇಳಿದ್ದೆಲ್ಲ ಅಲ್ಲೇ ಇತ್ತು. ಆಗ ಒಂದು ಕೆಲಸ ಮಾಡಿದೆ. ಇದೇ ಅಚ್ಚುಗಳಿಂದ ಒತ್ತಿದ ಇನ್ನೊಂದು ಪ್ರತಿ ಬೇರೊಂದು ದೇಶದ ಸಂಗ್ರಹಾಲಯದಲ್ಲಿದೆ ಎಂದು ಹಳೆಯ ಪಟ್ಟಿಯಲ್ಲಿತ್ತು. ಅಲ್ಲಿಗೆ ತಂತಿ ಕೊಟ್ಟೆ. ಮೊನ್ನೆ ಅವರ ಫೋಟೋ ಬಂತು.

ಅದು ಹೆಂಗಸಿನ ನೆರಳು. ತಲೆಯ ಮೇಲೆ ಕೂದಲಿನ ಗಂಟು ಇದೆ. ಎರಡೂ ತೋಳು ಮುಂದಕ್ಕೆ ಚಾಚಿ, ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಹಿಂಡುತ್ತಿದ್ದಾಳೆ. ತಲೆ ಸ್ವಲ್ಪ ಓರೆಯಾಗಿದೆ, ಏನೋ ಹೇಳುತ್ತಿರುವ ಹಾಗೆ. ಆ ಫೋಟೋ ನೋಡಿದ ಮೇಲೆ ನಮ್ಮ ಚಿತ್ರದ ಹೆಂಗಸಿನ ಮುಖವೇ ಬೇರೆಯಾಗಿ ಕಂಡಿತು. ಇಷ್ಟು ದಿನ ಅವಳು ಗಾಳಿಗೆ ಹಲ್ಲು ಕಚ್ಚಿದ್ದಾಳೆ ಅಂದುಕೊಂಡಿದ್ದೆ. ಇಲ್ಲ, ನಗುತ್ತಿದ್ದಾಳೆ. ನಾನು ಅಳಿಸಿದ್ದು ಅವಳ ಜೊತೆ ಮಾತಾಡುತ್ತಿದ್ದವಳ ತಲೆಯನ್ನು, ಒಂದು ತೋಳನ್ನು.

ಫೋಟೋ ತೆಗೆದುಕೊಂಡು ಸಾಹೇಬರ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಇದು ಯಾರಿಗೆ ಗೊತ್ತು?"

"ನನಗೆ. ನಮ್ಮಕ್ಕನಿಗೆ. ಈಗ ನಿಮಗೆ."

"ಹೊರಗಿನೋರಿಗೆ ಗೊತ್ತಾಗಬೇಕಾಗಿಲ್ಲ. ಫೋಟೋ ಹೇಗೂ ಇದೆ. ಒಂದು ಸಣ್ಣ ಕುಂಚ ತಗೊಂಡು ತಲೆ ತೀಡಿಬಿಡಿ. ನಾಲ್ಕು ಹನಿ ಬಣ್ಣ. ಅಷ್ಟೇ ತಾನೇ?"

"ಕುಂಚದ ಬಣ್ಣಕ್ಕೆ ಅಚ್ಚಿನ ಅಂಚು ಬರಲ್ಲ ಸಾರ್. ಗೊತ್ತಿರೋರು ಫೋಟೋದಲ್ಲೇ ಕಂಡುಹಿಡೀತಾರೆ."

"ಯಾರ್ ರೀ ಅಂಥೋರು?"

"ಇದ್ದಾರೆ" ಅಂದೆ.

ಚಿತ್ರವನ್ನು ಪ್ರದರ್ಶನದಿಂದ ತೆಗೆದು ಡ್ರಾಯರಿಗೆ ಹಾಕಿದರು. ನಿನ್ನೆಯಿಂದ ನನ್ನನ್ನು ನೆಲಮಾಳಿಗೆಗೆ ಕಳಿಸಿದ್ದಾರೆ, ಹಳೆಯ ಪಟ್ಟಿಗಳ ನಕಲು ಮಾಡಲಿಕ್ಕೆ. ಎಷ್ಟು ದಿನ ಎಂದು ಕೇಳಿದರೆ ಏನು ಉತ್ತರ ಬಂದಿರುತ್ತದೆಂದು ನಿನಗೆ ಗೊತ್ತು.

ಬೈದಾದರೂ ಒಂದು ಕಾಗದ ಬರೆ.

ತಂಗಿ


ಮಾರ್ಚ್ 29

ತಂಗೀ,

ತಡವಾಯಿತು. ಸಿಟ್ಟಿಗೆ ಅಂದುಕೊಂಡಿದ್ದೀಯ, ಅರ್ಧ ನಿಜ. ಇನ್ನರ್ಧ, ಈ ಕಾಗದ ಬರೆಯಲಿಕ್ಕೆ ನಾಲ್ಕು ದಿನ ಹಿಡಿದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮೊದಲಿನಿಂದಲೂ ಎಡಗೈಯಲ್ಲೇ ಬರೆದದ್ದು. ತೊಡೆ, ಹಲಗೆ ಎಲ್ಲ ಸುಳ್ಳು.

ಹೋದ ಮಳೆಗಾಲದಿಂದ ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದಿವೆ. ಮೊದಮೊದಲು ಬೆಳಿಗ್ಗೆ ಮಾತ್ರ. ಆಮೇಲೆ ದಿನವಿಡೀ. ಇಪ್ಪತ್ತೈದು ವರ್ಷ ಕೊಡತಿಯಲ್ಲಿ ಉಳಿ ಕುಟ್ಟಿದ ಕೈ, ಈಗ ಚಹಾದ ಲೋಟ ಹಿಡಿದರೆ ಲೋಟ ಯಾವಾಗ ಬಿತ್ತು ಅಂತ ಶಬ್ದ ಕೇಳಿದ ಮೇಲೆ ಗೊತ್ತಾಗುತ್ತದೆ. ನಿನ್ನ ಭಾವನಿಗೆ ಮಾತ್ರ ಗೊತ್ತು, ಅದೂ ಯಾಕೆಂದರೆ ಹೊದಿಕೆ ಹಿಂಡುವಾಗ ನನ್ನ ಕಡೆಯ ತುದಿ ಬಿಟ್ಟುಹೋಗಿ ಅವರು ಹಿಂದಕ್ಕೆ ಬಿದ್ದರು. ಅಚ್ಚು ಕೇಳಿಕೊಂಡು ಬಂದವರಿಗೆ ಮರ ಒಣಗಿಲ್ಲ, ಉಳಿ ಸಾಣೆಗೆ ಹೋಗಿದೆ, ಮುಂದಿನ ತಿಂಗಳು ಬನ್ನಿ ಅಂತ ಕಥೆ ಹೇಳುತ್ತಾ ಬಂದಿದ್ದೇನೆ. ಕುಣಿಯಲಾರದವಳಿಗೆ ನೆಲ ಎಷ್ಟು ಡೊಂಕು ಬೇಕೋ ಅಷ್ಟು ಸಿಗುತ್ತದೆ.

ಹಾಗಿರುವಾಗ ನಿನ್ನ ಕಾಗದ ಬಂತು. ಮರ ಬಲ್ಲವಳು ಅಂತ ಬರೆದಿದ್ದೆ. ಆರು ತಿಂಗಳ ಮೇಲೆ ಉಳಿ ಎತ್ತಿಕೊಂಡೆ. ನೀನು ಸಿಟ್ಟಿನಲ್ಲಿ ‘ಎಡಗೈಯಲ್ಲಿ ಕೆತ್ತಿ ಬಿಸಾಕಿದ್ದೀಯ’ ಅಂತ ಬರೆದೆಯಲ್ಲ, ಎಡಗೈ ಅನ್ನುವುದು ಖರೆ. ಬಿಸಾಕಲಿಲ್ಲ. ಆರು ದಿನ ಕೂತು ಕೆತ್ತಿದ್ದು. ನನ್ನ ಮಟ್ಟಿಗೆ ಚೆನ್ನಾಗಿಯೇ ಬಂದಿದೆ ಅಂದುಕೊಂಡು ಕಳಿಸಿದೆ. ಇಲಿ ಕಡಿದ ಹಾಗಿದೆ ಅಂತ ನೀನು ಬರೆದ ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ.

ಇನ್ನು ನೀನು ಮಾಡಿದ್ದು. ನೀರು ಹಚ್ಚಿದ್ದಕ್ಕೆ ಸಿಟ್ಟಿಲ್ಲ. ಅಪ್ಪ ಒಮ್ಮೆ ನೂರು ಗಜ ಬಟ್ಟೆಗೆ ಅಚ್ಚು ತಲೆಕೆಳಗಾಗಿ ಒತ್ತಿದ್ದು ನಿನಗೆ ಗೊತ್ತಿಲ್ಲ, ನೀನು ಆಗ ಶಾಲೆಗೆ ಹೋಗಿದ್ದೆ. ಕೆಲಸ ಮಾಡುವ ಕೈ ತಪ್ಪುತ್ತದೆ. ನನ್ನ ಬಾಯಿಂದ ಕಲೆ ಅನ್ನಿಸಿ ಅದನ್ನು ನನ್ನ ತಲೆಗೆ ಕಟ್ಟಲು ಹೊರಟಿದ್ದೆಯಲ್ಲ, ಅದು ಇನ್ನೂ ಗಂಟಲಲ್ಲೇ ಇದೆ. ಇಳಿಯಲಿಕ್ಕೆ ಸಮಯ ಬೇಕು.

ತಲೆ ತೀಡುವುದಿಲ್ಲ ಅಂದೆಯಂತಲ್ಲ. ಅದು ಒಳ್ಳೆಯದು ಮಾಡಿದೆ.

ಅಕ್ಕ


ಏಪ್ರಿಲ್ 4

ಅಕ್ಕಾ,

ನಿನ್ನ ಕಾಗದವನ್ನು ನೆಲಮಾಳಿಗೆಯಲ್ಲಿ, ಕಪಾಟುಗಳ ಸಂದಿಯಲ್ಲಿ ನಿಂತು ಓದಿದೆ. ಆ ಅಚ್ಚನ್ನು ಹಿಂದಿರುಗಿಸುತ್ತೇನೆ ಎಂದು ಬರೆದಿದ್ದೆನಲ್ಲ, ಕಳಿಸಿರಲಿಲ್ಲ. ತೆಗೆದು ನೋಡಿದೆ. ಆರು ದಿನ ಅಂತ ಗೊತ್ತಾದ ಮೇಲೆ ನೋಡಿದರೆ ಒಂದೊಂದು ಏಟೂ ಕಾಣುತ್ತದೆ. ಒಂದೇ ಜಾಗಕ್ಕೆ ಮೂರು ಮೂರು ಸಲ ಉಳಿ ಇಟ್ಟಿದ್ದೀಯ. ನನಗೆ ಕಣ್ಣಿತ್ತು, ನೋಡಲಿಲ್ಲ. ಕ್ಷಮಿಸು ಅಂತ ಬರೆದರೆ ಸಾಲದು. ಏನು ಬರೆದರೆ ಸಾಕಾದೀತೆಂದು ಗೊತ್ತಿಲ್ಲ.

ಆದರೆ ನಿನ್ನ ಮೇಲೂ ಸಿಟ್ಟಿದೆ. ಎಂಟು ತಿಂಗಳು! ಅಕ್ಕಾ, ಜೋಮು ಹಿಡಿದ ಕೈಯನ್ನು ಎಂಟು ತಿಂಗಳು ಡಾಕ್ಟರಿಗೆ ತೋರಿಸದೆ ಮರ ಒಣಗಿಲ್ಲ ಅಂತ ಹೇಳಿಕೊಂಡು ಕೂತವಳು ನನಗೆ ನೋಡುವುದನ್ನು ಕಲಿಸುತ್ತೀಯಾ? ಇಲ್ಲಿ ಕೈಯ ನರಗಳಿಗೆಂದೇ ಒಬ್ಬ ಡಾಕ್ಟರಮ್ಮ ಇದ್ದಾರೆ. ಇದೇ ಹದಿನೆಂಟಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಗುಣವಾಗುತ್ತದೋ ಇಲ್ಲವೋ ಅವರು ನೋಡದೆ ಹೇಳುವುದಿಲ್ಲವಂತೆ. ನಾನೂ ಹೇಳುವುದಿಲ್ಲ.

ಇಲ್ಲಿ ಒಂದು ಸಂಗತಿ ನಡೆಯಿತು. ನಮ್ಮಲ್ಲಿ ಪ್ರತಿಯೊಂದು ಚಿತ್ರಕ್ಕೂ ಒಂದು ರಟ್ಟಿನ ಕಾರ್ಡು ಇರುತ್ತದೆ, ಅದು ಚಿತ್ರ ಇರುವವರೆಗೂ ಇರುತ್ತದೆ. ನಕಲು ಮಾಡುವಾಗ ಈ ಚಿತ್ರದ ಕಾರ್ಡು ಕೈಗೆ ಬಂತು. ಹೊಸದಾಗಿ ಬರೆದಿದ್ದರು: "ಕೆಳಗಿನ ಬಲ ಮೂಲೆಯಲ್ಲಿ ಬಣ್ಣ ಮಾಸಿದೆ. ಕಾರಣ:" ಅದರ ಮುಂದೆ ಖಾಲಿ. ಅದನ್ನು ಮೇಲೆ ತೆಗೆದುಕೊಂಡು ಹೋಗಿ ಸಾಹೇಬರ ಮುಂದೆ ಇಟ್ಟೆ.

"ಇದನ್ನ ತುಂಬಬೇಕು ಸಾರ್."

"ಕಾಲಕ್ರಮೇಣ ಅಂತ ಹಾಕಿ."

"ಕಾಲಕ್ರಮೇಣ ಅಲ್ಲ ಸಾರ್. ಒಂದು ಮಧ್ಯಾಹ್ನ."

ಅವರ ಎದುರಿಗೇ ಬರೆದೆ: ‘ಆರನೆಯ ಅಚ್ಚಿನ ಬಣ್ಣವನ್ನು ಕಲೆಯೆಂದು ತಪ್ಪಾಗಿ ತಿಳಿದು ನೀರಿನಿಂದ ತೆಗೆಯಲಾಗಿದೆ. ಕಳೆದುಹೋದದ್ದು: ಎರಡನೆಯ ಹೆಂಗಸಿನ ನೆರಳಿನ ತಲೆ ಮತ್ತು ಎಡತೋಳು.’ ಕೆಳಗೆ ತಾರೀಖು, ನನ್ನ ಸಹಿ. ‘ಗುರುತಿಸಿದವರು’ ಅನ್ನುವ ಕಡೆ ನಿನ್ನ ಹೆಸರು ಬರೆದು, ಪಕ್ಕದಲ್ಲಿ ‘ಅಚ್ಚು ಕೆತ್ತುವವರು’ ಅಂತ ಹಾಕಿದೆ. ಸಾಹೇಬರು ಕಾರ್ಡನ್ನು ತುಂಬಾ ಹೊತ್ತು ಓದಿ, ಸಹಿ ಮಾಡದೆ ವಾಪಸ್ಸು ಕೊಟ್ಟರು. ಹರಿದೂ ಹಾಕಲಿಲ್ಲ. ನಾನು ತಂದು ಅದರ ಜಾಗದಲ್ಲಿ ಇಟ್ಟೆ.

ಬರುತ್ತೀಯಾ?

ತಂಗಿ


ಏಪ್ರಿಲ್ 12

ತಂಗೀ,

‘ಅಚ್ಚು ಕೆತ್ತುವವರು’ ಅಂತ ಬರೆದದ್ದು ಓದಿ ಸಂಕಟವಾಯಿತು. ಕಾರ್ಡಿನ ಮೇಲೆ ಇರಲಿ, ಅಲ್ಲಿಗೆ ಅದು ಸರಿ. ಇಲ್ಲಿಗೆ ಸರಿಯಲ್ಲ. ಭಾನುವಾರ ನಿನ್ನ ಭಾವನ ಕೈಲಿ ಒಂದು ತಗಡಿನ ಮೇಲೆ ಬಣ್ಣದಲ್ಲಿ ಬರೆಸಿದೆ: ‘ಹೊಸ ಅಚ್ಚು ಕೆತ್ತುವುದಿಲ್ಲ.’ ಅವರು ‘ಸದ್ಯಕ್ಕೆ’ ಅಂತ ಸೇರಿಸೋಣ ಅಂದರು. ಬೇಡ ಅಂದೆ. ಆಮೇಲೆ ಜಾಗ ಉಳಿದಿತ್ತು, ಸೇರಿಸಿಬಿಟ್ಟಿದ್ದಾರೆ. ಅಳಿಸಲಿಲ್ಲ.

ಸೋಮವಾರ ಅಂಗಡಿಯ ಬಾಗಿಲಿಗೆ ನೇತುಹಾಕಿ ಒಳಗೆ ಕೂತೆ. ಹನ್ನೊಂದು ಗಂಟೆಗೆ ಬಟ್ಟೆ ಒತ್ತುವ ಮುದುಕ ಬಂದರು, ಅಪ್ಪನ ಕಾಲದವರು, ಕಳೆದ ವರ್ಷದಿಂದ ಸೀರೆಯ ಅಂಚಿನ ಒಂದು ಅಚ್ಚಿಗೆ ಅಲೆಯುತ್ತಿದ್ದವರು. ಹೊರಗೇ ನಿಂತು ಓದಿದರು. ಚಪ್ಪಲಿ ಬಿಟ್ಟು ಒಳಗೆ ಬಂದರು.

"ಏನಮ್ಮಾ ಇದು? ಮರ ಇನ್ನೂ ಒಣಗಿಲ್ವೇ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಬಲಗೈಯನ್ನು ಅವರ ಮುಂದೆ ಚಾಚಿದೆ. ಮುದುಕ ತಮ್ಮ ಒರಟು ಬೆರಳಲ್ಲಿ ನನ್ನ ಹೆಬ್ಬೆರಳನ್ನು ಒತ್ತಿ ಒತ್ತಿ ನೋಡಿದರು.

"ಗೊತ್ತಾಗುತ್ತಾ?"

"ಇಲ್ಲ."

"ಇಲ್ಲಿ?"

"ಇಲ್ಲ."

ಮಣಿಕಟ್ಟಿನ ಹತ್ತಿರ ಬಂದಾಗ ಸ್ವಲ್ಪ ಗೊತ್ತಾಯಿತು. ಹೂಂ ಅಂದೆ. ಅವರು ಅಲ್ಲೇ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು. ಹೋಗುವಾಗ ಅಚ್ಚಿನ ಸುದ್ದಿ ಎತ್ತಲಿಲ್ಲ.

ಹದಿನೇಳರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬಾ, ಚೀಲ ಹೊರಲಿಕ್ಕೆ ನನ್ನಿಂದಾಗುವುದಿಲ್ಲ.

ಅಕ್ಕ